ಇಬ್ಬರಿಗೇ ಎರಡು ರಾತ್ರಿ: ರಾಣೆಬೆನ್ನೂರಿನಿಂದ ಕಡಲಂಚಿನ ಗಾಲ್ಫ್ ಅಂಗಳಕ್ಕೆ

ರಾಣೆಬೆನ್ನೂರಿನ ಮಂದಿಗೆ ಪ್ರವಾಸ ಅಂದರೆ ಕ್ರೂಸರ್ ಗಾಡಿ. ಮುಂದಿನ ಸೀಟಿನಲ್ಲಿ ಹಿರಿಯರು, ನಡುವೆ ಹೆಂಗಸರು, ಹಿಂದೆ ಹುಡುಗರು, ಮೇಲೆ ಬುತ್ತಿಯ ಗಂಟು. ಎರಡು ದಿನದಲ್ಲಿ ಐದು ಊರು, ಒಂಬತ್ತು ಗುಡಿ. ಮನೆಗೆ ಬಂದ ಮೇಲೆ ಮತ್ತೆರಡು ದಿನ ಮಲಗಿದರೇ ದಣಿವು ಆರುವುದು. ಇಂಥ ಊರಿನಲ್ಲಿ ಗಂಡ-ಹೆಂಡತಿ ಇಬ್ಬರೇ, ಅದೂ ಯಾವ ಹರಕೆಯೂ ಇಲ್ಲದೆ, ಎಲ್ಲಿಯೋ ಹೋಗಿ ಸುಮ್ಮನೆ ಇದ್ದು ಬರುತ್ತೇವೆ ಅಂದರೆ ಓಣಿಯ ತುದಿಯವರೆಗೂ ಸುದ್ದಿಯಾಗುತ್ತದೆ.

ಪರಿಚಯದ ಬೀಜದ ವ್ಯಾಪಾರಿಯೊಬ್ಬರ ಕಥೆ ಹೀಗೇ ಶುರುವಾಯಿತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಮಕ್ಕಳು ಕಡಲ ದಂಡೆಯ ರೆಸಾರ್ಟ್ ಒಂದರಲ್ಲಿ ಒಂದು ರಾತ್ರಿಗೆ ಕೋಣೆ ಕಾಯ್ದಿರಿಸಿದರು. ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಹೊರಟ ದಂಪತಿ ಘಟ್ಟವನ್ನು ಕತ್ತಲಲ್ಲಿ ಇಳಿದು, ರಾತ್ರಿ ಹತ್ತರ ಮೇಲೆ ಮುಟ್ಟಿದರು. ಬೆಳಿಗ್ಗೆ ಎದ್ದು ಸ್ನಾನ, ತಿಂಡಿ ಮುಗಿಸುವಷ್ಟರಲ್ಲಿ ಕೋಣೆ ಖಾಲಿ ಮಾಡುವ ಹೊತ್ತು. ಸೋಮವಾರ ಅಂಗಡಿಯಲ್ಲಿ ಸಿಕ್ಕಾಗ "ಸಮುದ್ರ ಹೆಂಗಿತ್ರಿ?" ಅಂತ ಕೇಳಿದೆ.

"ಸಪ್ಪಳ ಕೇಳಿ ಬಂದ್ವಿ" ಅಂದರು.

ಪಕ್ಕದಲ್ಲಿದ್ದ ಅವರ ಮನೆಯವರು ಬಿಡಲಿಲ್ಲ. "ಅಲ್ರೀ, ಇಷ್ಟು ರೊಕ್ಕ ಕೊಟ್ಟು ದಣಕೊಂಡು ಬರೋದಾದ್ರ, ಮನ್ಯಾಗ ಫ್ಯಾನ್ ಹಚ್ಚಿ ಮಲಗಬಹುದಿತ್ತಲ್ಲ."

ಮರುವರ್ಷ ಅದೇ ಜೋಡಿ ಲೆಕ್ಕ ಹಾಕಿ ಹೋಯಿತು, ನೆಮ್ಮದಿಯಿಂದ ಬಂತು. ಎರಡೂ ಸಲದ ನಡುವಿನ ವ್ಯತ್ಯಾಸ ರೆಸಾರ್ಟಿನದಲ್ಲ, ಹೋದ ರೀತಿಯದು. ಈ ಲೇಖನ ಆ ರೀತಿಯ ಬಗ್ಗೆ.

ಎಲ್ಲಿಗೆ?

ಕಡಲು ಮತ್ತು ಗಾಲ್ಫ್ ಎರಡೂ ಒಂದೇ ಬೇಲಿಯೊಳಗೆ ಬೇಕು ಅನ್ನುವವರಿಗೆ ನಮ್ಮ ಕಡೆಯಿಂದ ಹತ್ತಿರದ ಜಾಗ ದಕ್ಷಿಣ ಗೋವಾದ ಕಾಣಕೋಣ ತಾಲ್ಲೂಕಿನ ರಾಜಬಾಗ್. ಕಾರವಾರ ದಾಟಿ ಗಡಿ ಆಚೆ ಹೋದರೆ ಸಿಗುವ ಮೊದಲ ತಾಲ್ಲೂಕು ಅದು. ತಳಪಣ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಚಾಚಿದ ನೆಲದಲ್ಲಿ ಲಲಿತ್ ಗಾಲ್ಫ್ ಆ್ಯಂಡ್ ಸ್ಪಾ ರೆಸಾರ್ಟ್ ಇದೆ. ಸುಮಾರು 85 ಎಕರೆ ಜಾಗ, ಅದರಲ್ಲಿ ಒಂಬತ್ತು ಕುಳಿಗಳ ಗಾಲ್ಫ್ ಅಂಗಳ. ಚೆಂಡು ಹೊಡೆಯಲು ನಿಲ್ಲುವ ಜಾಗಗಳನ್ನು ಬದಲಿಸಿ ಅದೇ ಅಂಗಳವನ್ನು ಎರಡು ಸುತ್ತು ಹಾಕಿದರೆ ಹದಿನೆಂಟು ಕುಳಿಗಳ ಪೂರ್ತಿ ಆಟವಾಗುತ್ತದೆ.

ನಮ್ಮ ಕರಾವಳಿಯಲ್ಲಿ ಮಂಗಳೂರಿನ ಪಿಲಿಕುಳದಲ್ಲೂ ಗಾಲ್ಫ್ ಅಂಗಳವಿದೆ. ಆದರೆ ಅದು ಊರ ಹೊರಗಿನ ಗುಡ್ಡದ ಮಗ್ಗುಲಲ್ಲಿದೆ, ಅಲ್ಲಿ ಅಲೆಯ ಸದ್ದಿಲ್ಲ. ರಾಣೆಬೆನ್ನೂರಿನಿಂದ ದೂರವೂ ಹೆಚ್ಚು.

ದಾರಿ, ದೂರ, ಹೊತ್ತು

ಕಾರಿನಲ್ಲಿ ಹೋಗುವವರಿಗೆ ಹತ್ತಿರದ ದಾರಿ: ರಾಣೆಬೆನ್ನೂರು, ಹಾವೇರಿ, ಹಾನಗಲ್ಲ, ಶಿರಸಿ, ದೇವಿಮನೆ ಘಟ್ಟ, ಕುಮಟಾ, ಅಂಕೋಲಾ, ಕಾರವಾರ, ಮಾಜಾಳಿ, ಕಾಣಕೋಣ. ಒಟ್ಟು ಸುಮಾರು 280 ಕಿ.ಮೀ. ಚಾ-ತಿಂಡಿಗೆ ನಿಂತು ಹೋದರೆ ಏಳು ತಾಸು ಇಟ್ಟುಕೊಳ್ಳಿ. ಲೀಟರಿಗೆ 16 ಕಿ.ಮೀ. ಓಡುವ ಗಾಡಿಗೆ ಹೋಗಿ ಬರಲು 35 ಲೀಟರ್ ಪೆಟ್ರೋಲ್ ಬೇಕು. ಗೋವಾದಲ್ಲಿ ಪೆಟ್ರೋಲ್ ದರ ನಮ್ಮಲ್ಲಿಗಿಂತ ಕಡಿಮೆ. ಬರುವಾಗ ಗಡಿ ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ದೇವಿಮನೆ ಘಟ್ಟದಲ್ಲಿ ತಿರುವುಗಳು ಹೆಚ್ಚು. ಹೊಟ್ಟೆ ತೊಳೆಸುವವರು ಶಿರಸಿಯಲ್ಲಿ ಗಡದ್ದಾಗಿ ತಿಂದು ಇಳಿಯಬಾರದು. ಎರಡು ಇಡ್ಲಿ ಸಾಕು, ಕೈಯಲ್ಲೊಂದು ಲಿಂಬೆಹಣ್ಣಿರಲಿ. ರಸ್ತೆ ಕೆಲಸ, ಮಣ್ಣು ಕುಸಿತದ ಕಾರಣಕ್ಕೆ ಈ ದಾರಿ ಆಗಾಗ ಬಂದ್ ಆಗುತ್ತದೆ. ಶಿರಸಿಯಲ್ಲಿ ಒಂದು ಮಾತು ಕೇಳಿಕೊಂಡೇ ಮುಂದೆ ಹೊರಡಿ. ಬಂದ್ ಇದ್ದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾಕ್ಕೆ ಇಳಿಯುವ ಹೆದ್ದಾರಿ ಇದೆ. ಮೂವತ್ತು-ನಲವತ್ತು ಕಿ.ಮೀ. ಹೆಚ್ಚಾಗುತ್ತದೆ, ಲಾರಿಗಳ ಕಾಟವೂ ಇರುತ್ತದೆ. ಯಾವ ದಾರಿಯಾದರೂ ಘಟ್ಟವನ್ನು ಬೆಳಕಿನಲ್ಲೇ ಇಳಿಯಿರಿ. ಅಂಕೋಲಾ ದಾಟಿದ ಮೇಲೆ ಹಟ್ಟಿಕೇರಿ ಟೋಲ್ ಬರುತ್ತದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ.

ಕಾರವಾರದಲ್ಲಿ ಕಾಳಿ ನದಿ ದಾಟುತ್ತೀರಿ. 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು ಇಲ್ಲಿಯ ಹಳೆಯ ಸೇತುವೆ. ಅದಕ್ಕೂ ಮೂರು ವಾರ ಮುಂಚೆ, ಜುಲೈ 16ರಂದು, ಇದೇ ಹೆದ್ದಾರಿಯ ಶಿರೂರಿನಲ್ಲಿ ಗುಡ್ಡ ಜರಿದಿತ್ತು. ಮಳೆಗಾಲದಲ್ಲಿ ಈ ಕಡೆ ವಾರಾಂತ್ಯದ ಮೋಜಿಗೆ ಹೊರಡಬೇಡಿ ಅನ್ನುವುದಕ್ಕೆ ಇವೆರಡು ಸಾಕು.

ಗಾಡಿ ಓಡಿಸುವ ಉಸಾಬರಿ ಬೇಡ ಅನ್ನುವವರಿಗೆ ರೈಲಿದೆ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರದ ಮೇಲೆ ಹಾದು ಮಡಗಾಂವ್ ಮುಟ್ಟುವ ಗಾಡಿಗಳಿವೆ. ಮಡಗಾಂವ್‌ನಿಂದ ಕಾಣಕೋಣಕ್ಕೆ ಸುಮಾರು 40 ಕಿ.ಮೀ., ಬಸ್ಸು-ಟ್ಯಾಕ್ಸಿ ಎರಡೂ ಸಿಗುತ್ತವೆ. ಕಾಣಕೋಣದಲ್ಲೇ ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ. ನಮ್ಮೂರಲ್ಲಿ ಯಾವ ಗಾಡಿ ಯಾವ ದಿನ ನಿಲ್ಲುತ್ತದೆ ಎಂಬುದನ್ನು ಟಿಕೆಟ್ ತೆಗೆಯುವ ಮುನ್ನ ನೋಡಿಕೊಳ್ಳಿ.

ಯಾವಾಗ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಮಾರ್ಚ್ ದಾಟಿದರೆ ಬೆವರು ಕಿತ್ತು ಬರುತ್ತದೆ. ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಗೆ ಕರಾವಳಿಯ ಸೆಕೆ ಬೇರೆಯೇ ಶಿಕ್ಷೆ. ಡಿಸೆಂಬರ್‌ನ ಕೊನೆಯ ವಾರ ಗೋವಾದ ಕಡೆ ತಲೆ ಹಾಕಬೇಡಿ. ಕೋಣೆಯ ಬಾಡಿಗೆ ಏರುತ್ತದೆ, ದಾರಿಯೂ ತುಂಬಿರುತ್ತದೆ.

ಆದರೆ ನಮ್ಮ ಕಡೆಯವರ ಬಿಡುವು ಕ್ಯಾಲೆಂಡರಿನ ಮೇಲಿಲ್ಲ, ಮಾರುಕಟ್ಟೆಯ ಮೇಲಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಜನವರಿಯಿಂದ ಸೀಸನ್ ಕಾವೇರಿದರೆ ದಲಾಲರಿಗೆ ಊಟಕ್ಕೂ ಪುರುಸೊತ್ತಿಲ್ಲ. ಹಾಗಿದ್ದೂ ಗುರುವಾರದ ಟೆಂಡರ್ ಮುಗಿಸಿ ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಟು, ಭಾನುವಾರ ರಾತ್ರಿ ಮನೆ ಸೇರುವ ಲೆಕ್ಕ ಅವರಿಗೂ ಕೂಡುತ್ತದೆ. ಬೀಜೋತ್ಪಾದನೆಯ ಹೊಲ ಇರುವವರಿಗೆ ಹೂ ಕಟ್ಟುವ, ಕ್ರಾಸಿಂಗ್ ಮಾಡುವ ದಿನಗಳಲ್ಲಿ ಬಿಡುವೇ ಇಲ್ಲ. ಅದು ಮುಗಿದ ಮೇಲಿನ ಮೊದಲ ಶುಕ್ರವಾರ ಅವರದು. ಶಿಕ್ಷಕ ದಂಪತಿಗೆ ಶುಕ್ರವಾರ ಒಂದು ರಜೆ ಹಾಕಿದರಾಯಿತು.

ಒಂದು ಮಾತು ಗಟ್ಟಿ: ಒಂದೇ ರಾತ್ರಿಗೆ ಇಷ್ಟು ದೂರ ಹೋಗಬೇಡಿ. ಹೋಗಲು ಏಳು ತಾಸು, ಬರಲು ಏಳು ತಾಸು. ಒಂದು ರಾತ್ರಿಯಾದರೆ ಅಲ್ಲಿ ಎಚ್ಚರವಿದ್ದು ಕಳೆಯುವುದಕ್ಕಿಂತ ಕಾರಿನಲ್ಲಿ ಕಳೆಯುವುದೇ ಹೆಚ್ಚಾಗುತ್ತದೆ. ಒಂದೇ ರಾತ್ರಿ ಬಿಡುವಿದ್ದವರಿಗೆ ಕುಮಟಾ, ಹೊನ್ನಾವರ ಸಾಕು. ನಾಲ್ಕೂವರೆ-ಐದು ತಾಸಿನ ದಾರಿ. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಗಾಲ್ಫ್ ಇಲ್ಲ ಅನ್ನುವುದು ಬಿಟ್ಟರೆ ಸ್ವಚ್ಛ ದಂಡೆ, ಶರಾವತಿಯ ಅಳಿವೆ, ಕಾಂಡ್ಲಾ ಕಾಡು ಎಲ್ಲವೂ ಅಲ್ಲಿದೆ.

ಕೋಣೆ ಕಾಯ್ದಿರಿಸುವ ಮುನ್ನ

ರೆಸಾರ್ಟಿಗೆ ನೇರವಾಗಿ ಒಂದು ಫೋನ್ ಮಾಡಿ. ಆ್ಯಪ್‌ನಲ್ಲಿ ಕಾಣದ ಎಷ್ಟೋ ಸಂಗತಿ ಎರಡು ನಿಮಿಷದ ಮಾತಿನಲ್ಲಿ ಗೊತ್ತಾಗುತ್ತದೆ. ಕೇಳಬೇಕಾದದ್ದು ಇಷ್ಟು:

• ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯೇ? ದಿನದ ಬಾಡಿಗೆ 7,500 ರೂಪಾಯಿವರೆಗಿದ್ದರೆ ಶೇ 5, ಅದನ್ನು ದಾಟಿದರೆ ಶೇ 18 ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಈ ಲೆಕ್ಕ. ಹತ್ತು ಸಾವಿರದ ಕೋಣೆಗೆ ತೆರಿಗೆಯೇ 1,800 ರೂಪಾಯಿ.

• ತಿಂಡಿ ಮಾತ್ರ ಸೇರಿದೆಯೋ, ಊಟವೂ ಸೇರಿದೆಯೋ? ದೊಡ್ಡ ರೆಸಾರ್ಟ್‌ಗಳಲ್ಲಿ ಬಿಲ್ಲು ಬೆಳೆಯುವುದು ಊಟದಲ್ಲಿ.

• ಕೋಣೆಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ಎಷ್ಟಕ್ಕೆ ಖಾಲಿ ಮಾಡಬೇಕು? ಬೆಳಿಗ್ಗೆ ಐದಕ್ಕೆ ಹೊರಟವರು ಮಧ್ಯಾಹ್ನ ಹನ್ನೆರಡಕ್ಕೇ ಮುಟ್ಟಿ ಎರಡು ತಾಸು ಕಾಯುವಂತಾಗಬಾರದು.

• ಗಾಲ್ಫ್ ಅಂಗಳ ಆ ದಿನ ತೆರೆದಿರುತ್ತದೆಯೇ? ಅಂಗಳದ ಶುಲ್ಕ, ಕೋಲುಗಳ ಬಾಡಿಗೆ, ಕ್ಯಾಡಿಯ ಕೂಲಿ ಎಷ್ಟು? ಎಂದೂ ಆಡದವರಿಗೆ ಕಲಿಸುವವರು ಇದ್ದಾರೆಯೇ?

• ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ, ಸಸ್ಯಾಹಾರ ಬೇರೆಯಾಗಿ ಸಿಗುತ್ತದೆಯೇ? ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಇದು ಕೇಳಲೇಬೇಕಾದ ಪ್ರಶ್ನೆ.

ಇಬ್ಬರ ಆಧಾರ್ ಕಾರ್ಡೂ ಜತೆಗಿರಲಿ. ಗಂಡನದೊಂದು ಸಾಕು ಅಂದುಕೊಂಡು ಹೋಗಿ ಕೌಂಟರಿನಲ್ಲಿ ನಿಂತು ಮಗನಿಗೆ ವಾಟ್ಸ್‌ಆ್ಯಪ್ ಮಾಡಿಸುವ ಪಾಡು ಬೇಡ.

ಗಾಲ್ಫ್ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಸೋಲುವ ಭಯವಿಲ್ಲ. ಗಾಲ್ಫ್ ನಮಗೆ ದೂರದ ಆಟ ಅನ್ನಿಸಬಹುದು. ಆದರೆ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡ ಅದಿತಿ ಅಶೋಕ್ ಬೆಂಗಳೂರಿನ ಹುಡುಗಿ. ಆ ನಾಲ್ಕು ದಿನ ಗಾಲ್ಫಿನ ಗಂಧವಿಲ್ಲದವರೂ ನಸುಕಿನಲ್ಲೆದ್ದು ಟಿ.ವಿ. ಮುಂದೆ ಕೂತಿದ್ದರು.

ಆಟದ ತಿರುಳು ಸರಳ. 43 ಮಿ.ಮೀ. ಅಗಲದ, 46 ಗ್ರಾಂ ಮೀರದ ಚೆಂಡನ್ನು 108 ಮಿ.ಮೀ. ಅಗಲದ ಕುಳಿಗೆ ಎಷ್ಟು ಕಡಿಮೆ ಹೊಡೆತದಲ್ಲಿ ಹಾಕುತ್ತೀರಿ ಅನ್ನುವುದೇ ಲೆಕ್ಕ. ದೂರಕ್ಕೆ ತಕ್ಕಂತೆ ಒಂದೊಂದು ಕುಳಿಗೂ ಇಷ್ಟು ಹೊಡೆತ ಎಂಬ ಮಟ್ಟವಿದೆ, ಸಾಮಾನ್ಯವಾಗಿ ಮೂರು, ನಾಲ್ಕು ಅಥವಾ ಐದು. ಅದಕ್ಕೆ 'ಪಾರ್' ಅನ್ನುತ್ತಾರೆ. ಒಬ್ಬರು ಹೆಚ್ಚೆಂದರೆ 14 ಕೋಲು ಒಯ್ಯಬಹುದು. ನಿಮಗೆ ಎರಡು-ಮೂರು ಸಾಕು.

ಮೊದಲ ಸಲ ಹಿಡಿದವರು ಮಾಡುವ ತಪ್ಪು ಒಂದೇ: ಶಕ್ತಿ ಹಾಕುವುದು. ಚಿಕ್ಕಂದಿನಲ್ಲಿ ಚಿಣಿಫಣಿ ಆಡಿದ ಕೈ ಫಣಿ ಬೀಸಿದ ಹಾಗೆಯೇ ಬೀಸುತ್ತದೆ. ನಮ್ಮ ಬೀಜದ ವ್ಯಾಪಾರಿ ಕಾಲು ಅಗಲಿಸಿ, ಉಸಿರು ಕಟ್ಟಿ, ಹೆಗಲ ಮೇಲಿಂದ ಕೋಲು ಬೀಸಿದರಂತೆ. ಅಂಗೈಯಗಲ ಹುಲ್ಲುಹೆಂಟೆ ಹಾರಿ ಐದು ಮಾರು ಆಚೆ ಬಿತ್ತು. ಚೆಂಡು ಇದ್ದಲ್ಲೇ ಇತ್ತು. ಆಮೇಲೆ ಅವರ ಮನೆಯವರ ಸರದಿ. ಬೆಂಡೆ, ಟೊಮೆಟೊ ಹೂವಿಗೆ ಪರಾಗ ಮುಟ್ಟಿಸಿ ಇಪ್ಪತ್ತು ವರ್ಷ ಪಳಗಿದ ಬೆರಳು ಅವು. ಹೂವು ಮುರಿಯದಂತೆ ಎಷ್ಟು ಒತ್ತಬೇಕು ಅಂತ ಬಲ್ಲ ಕೈ. ಕೋಲನ್ನು ಸಡಿಲವಾಗಿ ಹಿಡಿದು ಮೆಲ್ಲಗೆ ಬೀಸಿದರು. ಚೆಂಡು ನೆಲದಿಂದ ಮೊಣಕಾಲೆತ್ತರ ಎದ್ದು, ಮೂವತ್ತು ಮಾರು ನೆಟ್ಟಗೆ ಹೋಯಿತು. "ಒತ್ತಿ ಹಿಡೀಬ್ಯಾಡ್ರಿ, ಅದೇನು ಗುದ್ದಲಿ ಅಲ್ಲ" ಅಂತ ಗಂಡನಿಗೇ ಪಾಠ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ನಕ್ಕದ್ದು ನೆನಪಿಲ್ಲ ಅಂದರು ಅವರು.

ಹಾಗಾಗಿ ಹೊಸಬರು ಹೀಗೆ ಮಾಡಿ. ಮೊದಲ ದಿನ ಸಂಜೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡು ಉರುಳಿಸುವುದನ್ನಷ್ಟೇ ಕಲಿಯಿರಿ. ಅದು ಗೋಲಿಯಾಟದ ಅಣ್ಣ. ಬಲ ಬೇಡ, ಕಣ್ಣಳತೆ ಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂಬತ್ತು ಕುಳಿ ಸುತ್ತಿ ಬನ್ನಿ. ಎರಡು-ಎರಡೂವರೆ ತಾಸು ಹಿಡಿಯುತ್ತದೆ. ಆಟ ಬೇಡವೆನಿಸಿದರೆ ಒಬ್ಬರು ಆಡಿ, ಇನ್ನೊಬ್ಬರು ಜತೆಗೆ ನಡೆಯಿರಿ. ಹೇಗೂ ಗಾಲ್ಫ್ ಅಂದರೆ ಮುಕ್ಕಾಲು ಪಾಲು ನಡಿಗೆ. ಇಬ್ಬರೇ, ಫೋನಿಲ್ಲದೆ, ಹುಲ್ಲಿನ ಮೇಲೆ ಎರಡು ತಾಸು ನಡೆದು ಎಷ್ಟು ವರ್ಷವಾಯಿತು ಅಂತ ಒಮ್ಮೆ ಲೆಕ್ಕ ಹಾಕಿ.

ಅಂಗಳದ ರೀತಿ-ರಿವಾಜು ನಾಲ್ಕಿವೆ. ಕಾಲರ್ ಇರುವ ಅಂಗಿ, ಚಪ್ಪಟೆ ತಳದ ಬೂಟು ಹಾಕಿಕೊಳ್ಳಿ. ಹೆಂಗಸರಿಗೆ ಚೂಡಿದಾರ ಅನುಕೂಲ. ಬೇರೆಯವರು ಹೊಡೆಯುವಾಗ ಮಾತು, ಫೋನು ಬೇಡ. ಕಿತ್ತ ಹುಲ್ಲುಹೆಂಟೆಯನ್ನು ತಂದು ಅಲ್ಲೇ ಕೂರಿಸಿ, ಮರಳುಗುಂಡಿಯಲ್ಲಿ ತುಳಿದ ಹೆಜ್ಜೆಯನ್ನು ಕುಂಟೆಯಂಥ ಸಲಕರಣೆಯಿಂದ ಎಳೆದು ಸಮ ಮಾಡಿ. ಯಾರಾದರೂ "ಫೋರ್" ಅಂತ ಕೂಗಿದರೆ ಎಲ್ಲಿಂದ ಅಂತ ತಿರುಗಿ ನೋಡದೆ ತಲೆ ಮುಚ್ಚಿಕೊಂಡು ಬಗ್ಗಿ, ಚೆಂಡು ನಿಮ್ಮ ಕಡೆ ಬರುತ್ತಿದೆ ಎಂದರ್ಥ.

ಮೂರು ದಿನದ ಲೆಕ್ಕ

ಶುಕ್ರವಾರ: ನಸುಕಿನಲ್ಲಿ ಹೊರಟು, ಶಿರಸಿಯಲ್ಲಿ ತಿಂಡಿ. ಮಧ್ಯಾಹ್ನದ ಹೊತ್ತಿಗೆ ಕೋಣೆ ಸೇರಿ ಮಲಗಿ. ಹೌದು, ಮಲಗಿ. ಸಂಜೆ ದಂಡೆಯ ಮೇಲೆ ತಳಪಣ ನದಿ ಸಮುದ್ರ ಸೇರುವ ಕಡೆಗೆ ನಡೆದು ಹೋಗಿ, ಸೂರ್ಯ ಮುಳುಗಿದ ಮೇಲೆ ಬನ್ನಿ.

ಶನಿವಾರ: ಬೆಳಿಗ್ಗೆ ಗಾಲ್ಫ್. ಮಧ್ಯಾಹ್ನ ಈಜುಕೊಳವೋ ಸ್ಪಾವೋ ಪುಸ್ತಕವೋ, ನಿಮ್ಮಿಷ್ಟ. ಹೊರಗೆ ಹೋಗಲೇಬೇಕು ಅನ್ನಿಸಿದರೆ ಒಂದೇ ಒಂದು ಜಾಗ ಆರಿಸಿ. ಗದ್ದಲ ಇಷ್ಟವಿದ್ದವರಿಗೆ ನಾಲ್ಕೈದು ಕಿ.ಮೀ. ದೂರದ ಪಾಲೋಲೆಂ ಕಡಲತೀರ. ಭಕ್ತಿ ಇದ್ದವರಿಗೆ ಪರ್ತಗಾಳಿಯ ಗೋಕರ್ಣ ಜೀವೋತ್ತಮ ಮಠ. ಅಲ್ಲಿ 77 ಅಡಿಯ ಶ್ರೀರಾಮನ ಕಂಚಿನ ವಿಗ್ರಹ 2025ರ ನವೆಂಬರ್‌ನಲ್ಲಿ ಅನಾವರಣಗೊಂಡಿದೆ. ಮೌನ ಬೇಕಾದವರಿಗೆ ಗಾಲ್ಜಿಬಾಗ್ ದಂಡೆ. ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಜಾಗವದು. ಅಲ್ಲಿ ಟಾರ್ಚು, ಗದ್ದಲ, ಪ್ಲಾಸ್ಟಿಕ್ ಬೇಡವೇ ಬೇಡ.

ಭಾನುವಾರ: ನಿಧಾನವಾಗಿ ತಿಂಡಿ ತಿಂದು ಹತ್ತರೊಳಗೆ ಹೊರಟರೆ ಘಟ್ಟವನ್ನು ಬೆಳಕಿನಲ್ಲೇ ಹತ್ತಿ, ಸಂಜೆ ಊರು ಸೇರುತ್ತೀರಿ. ಸೋಮವಾರದ ಟೆಂಡರಿಗೆ ನಿದ್ದೆ ಬಾಕಿ ಇರುವುದಿಲ್ಲ.

ಬುತ್ತಿ ಕಟ್ಟಬೇಕೆ?

ಒಂದು ಹೊತ್ತಿನದು ಕಟ್ಟಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ ಮೂರು ದಿನ ಕೆಡುವುದಿಲ್ಲ. ರೆಸಾರ್ಟಿನ ಬಫೆ ಎಷ್ಟೇ ಚಂದವಿರಲಿ, ಎರಡನೇ ರಾತ್ರಿಗೆ ನಾಲಿಗೆ ರೊಟ್ಟಿ ಕೇಳುತ್ತದೆ. ಆದರೆ ಹೊರಗಿನ ತಿನಿಸನ್ನು ರೆಸ್ಟೋರೆಂಟಿನಲ್ಲಿ ಬಿಚ್ಚಲು ಬಿಡುವುದಿಲ್ಲ, ಕೋಣೆಯ ಬಾಲ್ಕನಿಯಲ್ಲಿ ಬಿಚ್ಚಿ. ಮೀನು ತಿನ್ನುವವರಿಗೆ ಬುತ್ತಿಯ ಚಿಂತೆಯೇ ಇಲ್ಲ. ಕಾರವಾರದಿಂದ ಕಾಣಕೋಣದವರೆಗೆ ಸಾದಾ ಖಾನಾವಳಿಯಲ್ಲೂ ಒಳ್ಳೆಯ ಮೀನಿನೂಟ ಸಿಗುತ್ತದೆ. ಅಲ್ಲಿಯ ಸಾರಿನ ಕೆಂಪು ಬಣ್ಣ ನೋಡಿ ಹೆದರಬೇಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆ, ಖಾರ ಕೊಡುವುದು ಕಡಿಮೆ ಅಂತ ನಮಗಿಂತ ಚೆನ್ನಾಗಿ ಬಲ್ಲವರಾರು?

ನೀರು, ಕಾನೂನು, ಎಚ್ಚರ

ತುಂಗಭದ್ರೆಯಲ್ಲಿ ಈಜಿ ಬೆಳೆದವರಿಗೂ ಸಮುದ್ರ ಹೊಸದೇ. ಹೊಳೆಯ ಸೆಳೆತ ಒಂದೇ ದಿಕ್ಕಿಗೆ, ಕಡಲಿನದು ಹಾಗಲ್ಲ. ನದಿ ಸಮುದ್ರ ಸೇರುವ ಬಾಯಿಯಲ್ಲಿ ಇಳಿಯಲೇಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬರೀ ಕೆಂಪು ಬಾವುಟವಿದ್ದರೆ ದಂಡೆಯಲ್ಲೇ ಕೂಡಿ. ಜೀವರಕ್ಷಕರು ಸೀಟಿ ಊದಿದರೆ ವಾದ ಬೇಡ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆಗೆ ಹೋರಾಡದೆ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬನ್ನಿ.

ಗೋವಾದಲ್ಲಿ ಮದ್ಯ ಅಗ್ಗ ಎಂಬುದು ಎಲ್ಲರಿಗೂ ಗೊತ್ತು. ಮಾಜಾಳಿಯಲ್ಲಿ ಅಬಕಾರಿ ಚೆಕ್‌ಪೋಸ್ಟ್ ಇದೆ ಎಂಬುದು ಬಾಟಲಿ ಸಿಕ್ಕ ಮೇಲೆ ನೆನಪಾಗುತ್ತದೆ. ಗೋವಾದ ಮದ್ಯವನ್ನು ಕರ್ನಾಟಕದೊಳಗೆ ತಂದು ಸಿಕ್ಕಿಬಿದ್ದರೆ ಪ್ರಕರಣ ದಾಖಲಾಗುತ್ತದೆ, ಗಾಡಿಯೂ ಹೋಗುತ್ತದೆ. ಗೆಳೆಯರು ಏನೇ ಪಟ್ಟಿ ಕೊಟ್ಟರೂ ಬೇಡ. ಗೋವಾದ ಕಡಲತೀರದಲ್ಲಿ ಬಯಲಲ್ಲಿ ಕುಡಿಯುವುದಕ್ಕೂ ದಂಡವಿದೆ.

ಬರುವಾಗ ತರಬೇಕಾದದ್ದು ಬೇರೆಯೇ ಇದೆ. ಬೇಸಿಗೆಯಲ್ಲಾದರೆ ಕುಮಟಾದ ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಮೇ ತಿಂಗಳಾದರೆ ಅಂಕೋಲಾದ ಕರಿ ಇಶಾಡ ಮಾವು, ಯಾವಾಗಲಾದರೂ ಶಿರಸಿಯ ತೊಡದೇವು. ಮನೆಯಲ್ಲಿ ಉಳಿದವರ ಬಾಯಿ ಸಿಹಿಯಾದರೆ ಮುಂದಿನ ವರ್ಷದ ಅನುಮತಿ ಸಲೀಸು.

ಹೊರಡುವ ಮುನ್ನ ಕೊನೆಯ ಮಾತು

ಇಬ್ಬರೇ ಹೋಗುವುದಕ್ಕೆ ನಮ್ಮ ಕಡೆ ಅಡ್ಡ ಬರುವುದು ಬರೀ ದುಡ್ಡಲ್ಲ. ಅತ್ತೆಯ ಗುಳಿಗೆ ಯಾರು ಕೊಡಬೇಕು, ಎಮ್ಮೆ ಯಾರು ಹಿಂಡಬೇಕು, ಅಂಗಡಿಯ ಕೀಲಿಕೈ ಯಾರ ಬಳಿ, ಇವೇ ದೊಡ್ಡ ಪ್ರಶ್ನೆಗಳು. ಅವಕ್ಕೆ ವಾರ ಮೊದಲೇ ಉತ್ತರ ಹುಡುಕಿ, ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆಮೇಲೆ ದಿನಕ್ಕೊಂದೇ ಸಲ, ರಾತ್ರಿ ಎಂಟಕ್ಕೆ ಮನೆಗೆ ಫೋನು. ಉಳಿದ ಹೊತ್ತಿನಲ್ಲಿ ಮಕ್ಕಳು ತಾವಾಗಿ ಮಾಡಿದರೆ ಎತ್ತಿ, ನೀವಾಗಿ ಮಾಡಬೇಡಿ.

ಇಷ್ಟು ಖರ್ಚು ಮಾಡಲು ಆಗದವರು ಸುಮ್ಮನಿರಬೇಕಿಲ್ಲ. ಚೌಡದಾನಪುರದ ಮುಕ್ತೇಶ್ವರ ಗುಡಿಯ ಬಳಿ ತುಂಗಭದ್ರೆಯ ದಂಡೆಯಿದೆ, ಊರ ಮಗ್ಗುಲಲ್ಲೇ 119 ಚ.ಕಿ.ಮೀ. ಹರಡಿದ ಕೃಷ್ಣಮೃಗ ಅಭಯಾರಣ್ಯವಿದೆ. ಅರ್ಧ ದಿನ, ಇಬ್ಬರೇ, ಒಂದು ಬುತ್ತಿ. ಕಡಲಿಗೆ ಹೋಗುವವರು ಮಾತ್ರ ಎರಡು ರಾತ್ರಿಗೇ ಹೋಗಿ, ಒಂದೇ ಜಾಗದಲ್ಲಿ ಇರಿ.